ತಾಳವಾಡಿ ಸೀಮೆಯ ರಾಗಿ: ಒಂದು ಆಫ್ರಿಕನ್ ಪೈರಿನ ಸಸ್ಯಶಾಸ್ತ್ರೀಯ ಚರಿತ್ರೆ

ದಿಂಬಂ ಘಟ್ಟ ಹತ್ತಿ, ಹಾಸನೂರು ದಾಟಿ ತಾಳವಾಡಿಯ ಕಡೆಗೆ ಹೊರಳಿದರೆ ಸಿಗುವ ಸೀಮೆ ಆಡಳಿತಕ್ಕೆ ತಮಿಳುನಾಡಿನ ಈರೋಡು ಜಿಲ್ಲೆ. ಮಾತಿನಲ್ಲೂ ಬೇಸಾಯದಲ್ಲೂ ಚಾಮರಾಜನಗರದ ನೆಂಟ. ಮಳೆಯನ್ನೇ ನಂಬಿದ ಇಲ್ಲಿನ ಹೊಲಗಳ ಹಳೆಯ ಕ್ರಮವೆಂದರೆ ರಾಗಿಯ ನಡುನಡುವೆ ಅಕ್ಕಡಿ ಸಾಲು. ಅವರೆ, ಅಲಸಂದೆ, ಜೋಳ, ಹುಚ್ಚೆಳ್ಳು, ತೊಗರಿ, ಬದುವಿನ ಗುಂಟ ಹರಳು. ಇವುಗಳಲ್ಲಿ ತೊಗರಿಯೊಂದನ್ನು ಬಿಟ್ಟರೆ ಉಳಿದೆಲ್ಲವೂ, ರಾಗಿಯೂ ಸೇರಿ, ಆಫ್ರಿಕಾ ಮೂಲದ ಗಿಡಗಳು. ಹೀಗಾಗಿ ಆಫ್ರಿಕಾದ ಸಸ್ಯಗಳ ಒಳರಚನೆ, ರಸಾಯನ, ವರ್ಗೀಕರಣಗಳ ಅಧ್ಯಯನವನ್ನು ನಾವು ದೂರದ ಖಂಡದ ಸಂಗತಿಯೆಂದು ಬದಿಗಿಡುವಂತಿಲ್ಲ. ಅದರ ಒಂದು ಮುಖ್ಯ ಅಧ್ಯಾಯ ಕೊಯಮತ್ತೂರು, ಹೆಬ್ಬಾಳ, ಮಂಡ್ಯ, ಮೈಸೂರುಗಳಲ್ಲಿ ನಡೆದಿದೆ. ತಾಳವಾಡಿ ಈ ಊರುಗಳ ನಡುವೆ ಇದೆ.

ರಾಗಿಗೆ ಬರುವ ಮುನ್ನ ಅಕ್ಕಡಿ ಸಾಲಿನ ಗಿಡಗಳ ಬಗ್ಗೆ ಎರಡು ಮಾತು. ಮಳೆ ಕೈಕೊಟ್ಟ ವರ್ಷ ಬಾಡಿದ ಎಳೆ ಜೋಳದ ಪೈರಿಗೆ ದನ ಬಿಡಬಾರದೆಂಬುದು ರೈತರಿಗೆಲ್ಲ ತಿಳಿದ ವಿಷಯ. ಆ ವಿಷದ ಮೂಲವಾದ ಧುರಿನ್ ಎಂಬ ವಸ್ತುವನ್ನು 1902ರಲ್ಲಿ ಡನ್‌ಸ್ಟನ್ ಮತ್ತು ಹೆನ್ರಿ ಗುರುತಿಸಿದರು. ಎಲೆ ಜಜ್ಜಿದಾಗ ಅದು ಒಡೆದು ಸಯನೈಡ್ ಬಿಡುಗಡೆಯಾಗುತ್ತದೆ. ಅವರೆಯ ಸೊಗಡು ಕಾಯಿಯ ಮೇಲಿನ ಎಣ್ಣೆಯಂಥ ಅಂಟಿನದು. ಅದರಲ್ಲಿರುವ ಮುಖ್ಯ ಘಟಕಗಳು ಕೊಬ್ಬಿನಾಮ್ಲಗಳೆಂದು ರಸಾಯನಶಾಸ್ತ್ರಜ್ಞರು ಬಿಡಿಸಿ ತೋರಿಸಿದ್ದಾರೆ. ಇದೇ ಅವರೆಯನ್ನು ಲಿನ್ನೇಯಸ್ ಡಾಲಿಕಸ್ ಎಂಬ ದೊಡ್ಡ ಕುಲದೊಳಗೆ ಸೇರಿಸಿದ್ದ. ಅದಕ್ಕೆ ಲ್ಯಾಬ್‌ಲ್ಯಾಬ್ ಎಂಬ ಪ್ರತ್ಯೇಕ ಕುಲವೇ ಸರಿ ಎಂಬುದು ಗಟ್ಟಿಯಾಗಿ ನೆಲೆಗೊಂಡದ್ದು 1970ರ ಸುಮಾರಿಗೆ, ಪೂರ್ವ ಆಫ್ರಿಕಾದ ಸಸ್ಯಗಳ ಮೇಲೆ ಕೆಲಸ ಮಾಡುತ್ತಿದ್ದ ಬರ್ನಾರ್ಡ್ ವರ್ಡ್‌ಕೋರ್ಟ್ ಆ ಗುಂಪನ್ನು ಮರುಪರಿಶೀಲಿಸಿದ ಮೇಲೆ. ಇವುಗಳಲ್ಲಿ ಒಂದೊಂದಕ್ಕೂ ಬೇರೆ ಲೇಖನವೇ ಬೇಕು.

ರಾಗಿಯ ಶಾಸ್ತ್ರೀಯ ಹೆಸರಿನ ಕಥೆ 1759ರಲ್ಲಿ ಶುರುವಾಗುತ್ತದೆ. ಲಿನ್ನೇಯಸ್ ಅದನ್ನು ಸೈನೊಸೂರಸ್ ಕೊರಕಾನಸ್ ಎಂದು ಕರೆದ. 1788ರಲ್ಲಿ ಜರ್ಮನಿಯ ಗೇರ್ಟ್ನರ್ ಅದನ್ನು ಎಲ್ಯೂಸಿನೆ ಕುಲಕ್ಕೆ ತಂದ. ಗೇರ್ಟ್ನರನ ಕೆಲಸವೆಲ್ಲ ಕಾಯಿ ಮತ್ತು ಬೀಜಗಳ ರಚನೆಯ ಮೇಲೆ ನಿಂತದ್ದು ಎಂಬುದನ್ನು ನೆನಪಿಡಬೇಕು. ರಾಗಿಯ ಚರಿತ್ರೆಯಲ್ಲಿ ಕಾಳಿನ ಸಿಪ್ಪೆ ಮುಂದೆಯೂ ದೊಡ್ಡ ಪಾತ್ರ ವಹಿಸುತ್ತದೆ. 1800-01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಸ್ವತಃ ಸಸ್ಯಶಾಸ್ತ್ರಜ್ಞ. ಶ್ರೀರಂಗಪಟ್ಟಣದ ಸುತ್ತ ರಾಗಿಯಲ್ಲಿ ಕರಿ, ಕೆಂಪು ಮುಂತಾದ ಬಗೆಗಳಿವೆ ಎಂದು ರೈತರ ಬಾಯಿಂದಲೇ ಕೇಳಿ ಬರೆದುಕೊಂಡ. ಇನ್ನೊಬ್ಬ ಸಸ್ಯಶಾಸ್ತ್ರಜ್ಞ ರಾಕ್ಸ್‌ಬರ್ಗ್ ಇನ್ನೂ ಮುಂದೆ ಹೋಗಿ, ಇಲುಕುಗಳು, ಅಂದರೆ ತೆನೆಯ ಬೆರಳುಗಳು, ನೆಟ್ಟಗೆ ನಿಲ್ಲುವ ರಾಗಿಯನ್ನು ಎಲ್ಯೂಸಿನೆ ಸ್ಟ್ರಿಕ್ಟಾ ಎಂಬ ಬೇರೆ ಪ್ರಭೇದವೆಂದೇ ಎಣಿಸಿದ. ಆ ವಿಂಗಡಣೆ ನಿಲ್ಲಲಿಲ್ಲ. ಆದರೆ ತೆನೆಯ ಆಕಾರದಲ್ಲಿ ಅರ್ಥವಿದೆ ಎಂಬ ಅವನ ಗ್ರಹಿಕೆ ತಪ್ಪಾಗಿರಲಿಲ್ಲ. 1984ರಲ್ಲಿ ಡಿ ವೆಟ್ ಮತ್ತು ಸಂಗಡಿಗರು ರಾಗಿಯನ್ನು ಕೊರಕಾನ, ಎಲಾಂಗೇಟಾ, ಪ್ಲಾನಾ, ಕಾಂಪ್ಯಾಕ್ಟಾ, ವಲ್ಗಾರಿಸ್ ಎಂಬ 5 ಗುಂಪುಗಳಾಗಿ ವಿಂಗಡಿಸಿದ್ದು ತೆನೆಯನ್ನು ನೋಡಿಯೇ. ನಮ್ಮ ಕಡೆ ಉಂಡೆ ರಾಗಿ, ರುದ್ರಜಡೆ ಎಂದು ಹೆಸರಿಟ್ಟವರು ನೋಡಿದ್ದೂ ತೆನೆಯನ್ನೇ.

ರಾಗಿ ಎಲ್ಲಿಯದು ಎಂಬ ಪ್ರಶ್ನೆಗೆ ಹತ್ತೊಂಬತ್ತನೆಯ ಶತಮಾನದ ಉತ್ತರ ಭಾರತದ ಕಡೆಗೇ ಒಲಿದಿತ್ತು. ಡಿ ಕಾಂಡೋಲನಂಥ ವಿದ್ವಾಂಸನೂ ಹಾಗೆ ನಂಬಿದ್ದಕ್ಕೆ ಕಾರಣವಿದೆ. ಹೊಲದ ಬದುವಿನಲ್ಲಿ, ದಾರಿಯ ಅಂಚಿನಲ್ಲಿ, ರಾಗಿ ಪೈರಿನ ನಡುವೆಯೇ ಬೆಳೆಯುವ, ಸಣ್ಣ ಇಲುಕುಗಳ ಒಂದು ಕಳೆ ಹುಲ್ಲಿದೆ: ಎಲ್ಯೂಸಿನೆ ಇಂಡಿಕಾ. ತೆನೆ ಬರುವವರೆಗೆ ಅದನ್ನು ರಾಗಿಯಿಂದ ಬೇರೆ ಮಾಡಲು ಪಳಗಿದ ಕಳೆ ಕೀಳುವವರ ಕಣ್ಣೇ ಬೇಕು. ಇದೇ ರಾಗಿಯ ತಾಯಿಯಾಗಿರಬೇಕು ಎನ್ನುವುದು ಸಹಜವಾದ ಊಹೆ. ಊಹೆಯನ್ನು ತಡೆದದ್ದು ವರ್ಣತಂತುಗಳ ಎಣಿಕೆ. ಕಳೆಯಲ್ಲಿ 18, ರಾಗಿಯಲ್ಲಿ 36. ಅಂದರೆ ರಾಗಿ ಎರಡು ಹುಲ್ಲುಗಳ ವಂಶ ಕೂಡಿ ಆದ ಗಿಡ. ಇಂಡಿಕಾ ಅದರ ಒಂದು ಕಡೆಯ ಮೂಲ ಮಾತ್ರ. 36 ವರ್ಣತಂತುಗಳೇ ಇರುವ, ರಾಗಿಯೊಡನೆ ತಾನಾಗಿಯೇ ಬೆರೆಯುವ ಕಾಡು ಬಂಧು ಎಲ್ಯೂಸಿನೆ ಆಫ್ರಿಕಾನ. ಅದನ್ನು 1957ರಲ್ಲಿ ಕೆನೆಡಿ-ಓಬರ್ನ್ ವಿವರಿಸಿದರು. ಐದು ವರ್ಷದ ಬಳಿಕ ಭಾರತದ ಕೆ. ಎಲ್. ಮೆಹ್ರಾ, ಉಗಾಂಡಾದ ಹೊಲಗಳಲ್ಲಿ ಇವೆರಡರ ನಡುವೆ ಸಹಜ ಸಂಕರ ನಡೆಯುತ್ತಿರುವುದನ್ನು ವರದಿ ಮಾಡಿದರು. 1976ರಲ್ಲಿ ಹಿಲು ಮತ್ತು ಡಿ ವೆಟ್ ಈ ಎಳೆಗಳನ್ನೆಲ್ಲ ಕೂಡಿಸಿ ಪೂರ್ವ ಆಫ್ರಿಕಾದ ಎತ್ತರದ ನಾಡುಗಳತ್ತ ಬೆರಳು ತೋರಿಸಿದರು.

ಉತ್ಖನನದ ಸಾಕ್ಷ್ಯ ಮಾತ್ರ ಬಹುಕಾಲ ಗೊಂದಲವನ್ನೇ ಹೆಚ್ಚಿಸಿತು. ತುಂಗಭದ್ರೆಯ ದಂಡೆಯ ಹಳ್ಳೂರಿನಲ್ಲಿ ಎಂ. ಎಸ್. ನಾಗರಾಜರಾವ್ 1965ರಲ್ಲಿ ಅಗೆದಾಗ ಸಿಕ್ಕ ಸುಟ್ಟ ಕಾಳುಗಳನ್ನು ಲಖನೌದ ವಿಷ್ಣು ಮಿತ್ರೆ ರಾಗಿಯೆಂದು ಗುರುತಿಸಿದ್ದರು. ಹೊಸಶಿಲಾಯುಗದ್ದೆನ್ನಲಾದ ಅಷ್ಟು ಹಳೆಯ ರಾಗಿ ಆಗ ಆಫ್ರಿಕಾದಲ್ಲೂ ಸಿಕ್ಕಿರಲಿಲ್ಲ. ಇಥಿಯೋಪಿಯಾದ ಗೊಬೆಡ್ರಾ ಗುಹೆಯ ರಾಗಿ ಬಹಳ ಪ್ರಾಚೀನವೆಂಬ ಮಾತೂ ಕಾಳುಗಳ ನೇರ ಕಾಲಗಣನೆಯ ಮುಂದೆ ನಿಲ್ಲಲಿಲ್ಲ. 2003ರ ಸುಮಾರಿಗೆ ಡೋರಿಯನ್ ಫುಲ್ಲರ್ ದಕ್ಷಿಣ ಭಾರತದ ಹಳೆಯ ಕಾಳುಗಳನ್ನು ಮತ್ತೊಮ್ಮೆ ಪರೀಕ್ಷಿಸಿ, ರಾಗಿಯೆಂದು ಕರೆದದ್ದರಲ್ಲಿ ಬಹುಪಾಲು ಬೇರೆ ಕಿರುಧಾನ್ಯಗಳೆಂದು ವಾದಿಸಿದರು. ಹಳ್ಳೂರಿನಲ್ಲಿ ಕ್ರಿ.ಪೂ. 1000ದ ಆಸುಪಾಸಿನ ರಾಗಿ ಅವರ ಲೆಕ್ಕದಲ್ಲೂ ಉಳಿಯಿತು. ಹೊಸಶಿಲಾಯುಗದ ರಾಗಿಯ ದೊಡ್ಡ ರಾಶಿ ಕರಗಿಹೋಯಿತು.

ಈ ವಿವಾದ ಕೊನೆಗೆ ನಿಂತದ್ದು ಒಳರಚನೆಯ ಮೇಲೆ. ಒಂದು ರಾಗಿ ಕಾಳನ್ನು ಅಂಗೈ ಮೇಲಿಟ್ಟು ಭೂತಗನ್ನಡಿಯಲ್ಲಿ ನೋಡಿ: ಒಂದೂವರೆ ಮಿಲಿಮೀಟರಿನ ಆಸುಪಾಸಿನ ಗುಂಡು, ಮೈಯೆಲ್ಲ ಸಣ್ಣ ಸಣ್ಣ ಗುಬುಟು, ಒಂದು ಕಡೆ ಭ್ರೂಣದ ತಗ್ಗು. ಭತ್ತ, ಗೋಧಿಗಳಲ್ಲಿ ಕಾಯಿಯ ಸಿಪ್ಪೆ ಬೀಜಕ್ಕೆ ಅಂಟಿಯೇ ಬೆಳೆಯುತ್ತದೆ. ರಾಗಿಯಲ್ಲಿ ಆ ಹೊರಸಿಪ್ಪೆ ತೆಳು ಪೊರೆಯಾಗಿ ಸಡಿಲವಾಗಿರುತ್ತದೆ. ಕಣದಲ್ಲಿ ಒಕ್ಕಿ ತೂರಿದಾಗ ಹೊಟ್ಟಿನೊಡನೆ ಹಾರಿಹೋಗುತ್ತದೆ. ನಮಗೆ ಕಾಣುವ ಕೆಂಪು ಸಿಪ್ಪೆ ಬೀಜದ ಸ್ವಂತ ಹೊದಿಕೆ. ಅದು 5 ಪದರಗಳದ್ದೆಂದು 1986ರಲ್ಲಿ ಮ್ಯಾಕ್‌ಡೊನೊ, ರೂನಿ, ಅರ್ಪ್ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ತೋರಿಸಿದರು. ಸುಟ್ಟ ಕಾಳಿನಲ್ಲೂ ಈ ಗುಬುಟಿನ ಮೈ ಉಳಿದಿದ್ದರೆ ಅದನ್ನು ರಾಗಿಯೆನ್ನಬಹುದು. ಇಲ್ಲದಿದ್ದರೆ ಬರೀ ಗುಂಡಗಿರುವುದನ್ನು ನಂಬುವಂತಿಲ್ಲ.

ಇನ್ನು ತಾಳವಾಡಿಯ ಎರಡು ಬದಿಗಳ ಸಂಶೋಧನೆಗೆ ಬರೋಣ. 1979ರಲ್ಲಿ ಹೊಸ ಜಿಲ್ಲೆ ಆಗುವವರೆಗೂ ಈ ಬೆಟ್ಟಸೀಮೆ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಆ ಜಿಲ್ಲೆಯ ಮುಖ್ಯ ಪಟ್ಟಣದಲ್ಲಿಯೇ 1923ರಲ್ಲಿ ಕಿರುಧಾನ್ಯ ತಳಿ ಕೇಂದ್ರ ಆರಂಭವಾಯಿತು. ಅಲ್ಲಿ ಜಿ. ಎನ್. ರಂಗಸ್ವಾಮಿ ಅಯ್ಯಂಗಾರ್ ಮತ್ತು ಸಂಗಡಿಗರು 1930ರ ದಶಕದಲ್ಲಿ ರಾಗಿಯ ಗುಣಗಳು ತಲೆಮಾರಿನಿಂದ ತಲೆಮಾರಿಗೆ ಹೇಗೆ ಇಳಿಯುತ್ತವೆ ಎಂಬುದರ ಮೇಲೆ ಸರಣಿ ಪ್ರಬಂಧಗಳನ್ನು ಬರೆದರು. ಅವರು ಮೊದಲು ಕೈಗೆತ್ತಿಕೊಂಡದ್ದು ಗಿಡದ ಊದಾ ಬಣ್ಣ. ಕರಿಕಡ್ಡಿ, ಬಿಳಿಕಡ್ಡಿ, ಹಸರುಕಡ್ಡಿ ಎಂದು ರಾಗಿ ಬೆಳೆಯುವವರು ಕಡ್ಡಿಯ ಬಣ್ಣದಿಂದಲೇ ತಳಿ ಗುರುತಿಸುತ್ತಿದ್ದರು. ಅಯ್ಯಂಗಾರ್ ಅದೇ ಬಣ್ಣದ ಹಿಂದಿನ ಆನುವಂಶಿಕ ನಿಯಮ ಹುಡುಕಿದರು. ಊದಾ ಹಸಿರನ್ನು ಮೀರುತ್ತದೆ ಎಂದು ತಿಳಿದ ಮೇಲೆ ಅದು ಕೆಲಸಕ್ಕೂ ಬಂತು. ರಾಗಿ ಹೂವು ತೀರ ಚಿಕ್ಕದು, ನಸುಕಿನಲ್ಲಿ ಅರಳುತ್ತದೆ, ತನ್ನ ಪರಾಗದಿಂದಲೇ ಕಾಳು ಕಟ್ಟಿಕೊಳ್ಳುತ್ತದೆ. ಕೇಸರ ಕಿತ್ತು ಸಂಕರ ಮಾಡುವುದು ಬಹಳ ಕಷ್ಟ. ಹಸಿರು ಗಿಡದ ತೆನೆ, ಊದಾ ಗಿಡದ ತೆನೆ ಎರಡನ್ನೂ ಕೂಡಿಸಿ ಕಟ್ಟಿ ಬಿಟ್ಟರೆ ಹಸಿರು ಗಿಡದ ಕೆಲವಾದರೂ ಕಾಳುಗಳಲ್ಲಿ ಸಂಕರವಾಗುತ್ತದೆ. ಆ ಕಾಳು ಬಿತ್ತಿದಾಗ ಒಟ್ಲಿನ ಹಸಿರು ಸಸಿಗಳ ನಡುವೆ ಊದಾ ಕಂಡದ್ದೆಲ್ಲ ಸಂಕರ. ರೈತರ ಗುರುತು ಪ್ರಯೋಗಶಾಲೆಯ ಉಪಕರಣವಾದದ್ದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ತಿಳಿದಿಲ್ಲ.

ಬೆಟ್ಟದ ಉತ್ತರಕ್ಕೆ ಮೈಸೂರು ಸಂಸ್ಥಾನ. ಕೃಷಿ ಇಲಾಖೆಯ ನಿರ್ದೇಶಕರಾಗಿದ್ದ ಲೆಸ್ಲಿ ಕೋಲ್ಮನ್ 1920ರಲ್ಲಿ ಮೈಸೂರಿನ ರಾಗಿ ಬೇಸಾಯದ ಬಗ್ಗೆ ವಿಸ್ತಾರವಾದ ವರದಿ ಪ್ರಕಟಿಸಿದರು. ಹೆಬ್ಬಾಳದ ಜಮೀನಿನಲ್ಲಿ ನಾಟಿ ತಳಿಗಳ ಆಯ್ಕೆ ನಡೆಯಿತು. ಆದರೆ ಇಡೀ ಚರಿತ್ರೆಯನ್ನು ತಿರುಗಿಸಿದ ವ್ಯಕ್ತಿ ಮಂಡ್ಯದ ವಿ. ಸಿ. ಫಾರ್ಮಿನ ರಾಗಿ ಲಕ್ಷ್ಮಣಯ್ಯನವರು. ಮೊದಲು ಅರುಣ, ಉದಯ, ಪೂರ್ಣ, ಅನ್ನಪೂರ್ಣ, ಕಾವೇರಿ, ಶಕ್ತಿ ತಳಿಗಳನ್ನು ಕೊಟ್ಟ ಅವರು ಅನಂತರ ಭಾರತದ ತಳಿಗಳನ್ನು ಆಫ್ರಿಕಾದ ರಾಗಿಯೊಡನೆ ಕೂಡಿಸಿದರು. ಇಂಡಿಯಾ, ಆಫ್ರಿಕಾ ಎರಡೂ ಸೇರಿ ‘ಇಂಡಾಫ್’. ಇಂಡಾಫ್-8ರ ಒಂದು ಕಡೆ ನಮ್ಮ ಹುಲ್ಲುಬೆಳೆ, ಇನ್ನೊಂದು ಕಡೆ ಆಫ್ರಿಕಾದ ತಳಿ. ಆಫ್ರಿಕಾದ ರಾಗಿಗೆ ದಪ್ಪ ಕಡ್ಡಿ, ಮುಷ್ಟಿ ಹಿಡಿದಂಥ ತುಂಬು ತೆನೆ, ಬೆಂಕಿ ರೋಗ ತಡೆಯುವ ಶಕ್ತಿ. ನಮ್ಮದಕ್ಕೆ ಬೇಗ ಕಟಾವಿಗೆ ಬರುವ ಗುಣ, ಹೆಚ್ಚು ತೆಂಡೆ.

ಲಕ್ಷ್ಮಣಯ್ಯನವರ ಕೆಲಸವನ್ನು ಇಳುವರಿಯ ಲೆಕ್ಕದಲ್ಲಷ್ಟೇ ಅಳೆಯುವುದು ಅವರಿಗೆ ಮಾಡುವ ಅನ್ಯಾಯ. ಅದು ಸಸ್ಯಶಾಸ್ತ್ರದ ವಾದವೂ ಹೌದು. ಮೂರು ಸಾವಿರ ವರ್ಷಗಳಷ್ಟು ಕಾಲ ಸಮುದ್ರದ ಎರಡು ದಡಗಳಲ್ಲಿ ಬೇರೆಯಾಗಿ ಬೆಳೆದ ರಾಗಿಗಳು ಕೂಡಿದಾಗ ಹುಟ್ಟಿದ ಗಿಡಗಳು ಕಾಳು ಕಟ್ಟಿದವು, ತಲೆಮಾರುಗಟ್ಟಲೆ ನಡೆದವು. ಹಳ್ಳೂರಿನ ಸುಟ್ಟ ಕಾಳಿನ ಬಗ್ಗೆ ವಿದ್ವಾಂಸರು ಕಿತ್ತಾಡುತ್ತಿದ್ದ ಅದೇ ದಶಕಗಳಲ್ಲಿ, ಎರಡೂ ಒಂದೇ ಪ್ರಭೇದವೆಂಬುದಕ್ಕೆ ಜೀವಂತ ಸಾಕ್ಷ್ಯ ಮಂಡ್ಯದ ಗದ್ದೆಬಯಲಿನಲ್ಲಿ ನಿಂತಿತ್ತು. ಈಗ ವ್ಯಾಪಕವಾಗಿ ಬಿತ್ತುವ ಜಿಪಿಯು-28ರ ವಂಶಾವಳಿಯಲ್ಲೂ ಇಂಡಾಫ್-5, ಇಂಡಾಫ್-9 ಇವೆ. ಬೆಂಕಿ ರೋಗ ಎಲೆ, ಕುತ್ತಿಗೆ, ಇಲುಕು ಮೂರಕ್ಕೂ ತಗಲುತ್ತದೆ; ಮಂಜು, ಮೋಡ, ತಂಪು ಅದಕ್ಕೆ ಅನುಕೂಲ. ಹಾಗಿರುವ ಬೆಟ್ಟಸೀಮೆಗೆ ಆಫ್ರಿಕಾದಿಂದ ಬಂದ ರೋಗನಿರೋಧ ಎಷ್ಟು ಬೆಲೆಯುಳ್ಳದ್ದೆಂದು ಬೇರೆ ಹೇಳಬೇಕಿಲ್ಲ.

ರಸಾಯನದ ಅಧ್ಯಯನವೂ ಬಹುಪಾಲು ಇದೇ ಸುತ್ತಿನಲ್ಲಿ ನಡೆಯಿತು. ರಾಗಿಯ ಸುಣ್ಣದಂಶ 100 ಗ್ರಾಮಿಗೆ 344 ಮಿಲಿಗ್ರಾಂ ಎಂಬ ಹೈದರಾಬಾದಿನ ಪೋಷಣಾ ಸಂಸ್ಥೆಯ ಅಂಕಿ ಎಲ್ಲರಿಗೂ ಗೊತ್ತು. ಅಷ್ಟು ಗಮನ ಸಿಗದಿದ್ದರೂ ಮುಖ್ಯವಾದದ್ದು 1977ರ ಕೆಲಸ. ರಾಮಚಂದ್ರ, ವಿರೂಪಾಕ್ಷ ಮತ್ತು ಷಡಕ್ಷರಸ್ವಾಮಿ ಕಾಳಿನ ಒಗರು, ಅಂದರೆ ಟ್ಯಾನಿನ್, ಹೆಚ್ಚಿದಂತೆ ಅದರ ಪ್ರೋಟೀನ್ ಅರಗುವುದು ಕಡಿಮೆಯಾಗುತ್ತದೆಂದು ತೋರಿಸಿದರು. ಕಂದು ರಾಗಿಯಲ್ಲಿ ಒಗರು ಹೆಚ್ಚು, ಬಿಳಿ ರಾಗಿಯಲ್ಲಿ ತೀರ ಕಡಿಮೆ. ಆದರೆ ಅದೇ ಒಗರು ಕಾಳಿಗೆ ಕಾವಲು. ಹಗೇವಿಗೆ ತುಂಬಿದ ರಾಗಿ ವರ್ಷಗಟ್ಟಲೆ ಹುಳ, ಬೂಷ್ಟಿಲ್ಲದೆ ಉಳಿಯುತ್ತಿದ್ದುದಕ್ಕೆ ಕಾಳಿನ ಸಣ್ಣತನದ ಜೊತೆ ಈ ಸಿಪ್ಪೆಯೂ ಕಾರಣ. ಒಳಗಿನ ಹಿಟ್ಟು ಮೆತ್ತಗೆ, ಹೊದಿಕೆ ಬಿಗಿ. ಹೀಗಾಗಿ ಅಕ್ಕಿಯಂತೆ ಪಾಲಿಶ್ ಮಾಡಲು ಹೋದರೆ ಕಾಳು ಪುಡಿಯಾಗುತ್ತದೆ. ಸಿಪ್ಪೆಸಮೇತ ಬೀಸಿ ಮುದ್ದೆ ತಿರುವುವುದು ನಮ್ಮ ಕ್ರಮವಾದದ್ದೇ ಇದರಿಂದ. ಕಾಳನ್ನು ನೆನೆಸಿ, ಹಬೆಗಿಟ್ಟು, ಒಣಗಿಸಿ ಗಟ್ಟಿ ಮಾಡಿ ಸಿಪ್ಪೆ ತೆಗೆಯುವ ವಿಧಾನವನ್ನು ಮೈಸೂರಿನ ಸಿಎಫ್‌ಟಿಆರ್‌ಐನಲ್ಲಿ ಎನ್. ಜಿ. ಮಲ್ಲೇಶಿ ಮತ್ತು ಸಂಗಡಿಗರು ರೂಪಿಸಿದರು. 1981ರಲ್ಲಿ ಮಣಿಪಾಲದ ಶಿವರಾಜ್ ಮತ್ತು ಪಟ್ಟಾಭಿರಾಮನ್ ರಾಗಿಯಲ್ಲಿ ಒಂದು ವಿಚಿತ್ರ ಪ್ರೋಟೀನನ್ನು ವಿವರಿಸಿದರು: ಪಿಷ್ಟ ಅರಗಿಸುವ ಅಮೈಲೇಸ್, ಪ್ರೋಟೀನ್ ಅರಗಿಸುವ ಟ್ರಿಪ್ಸಿನ್ ಎರಡನ್ನೂ ಏಕಕಾಲಕ್ಕೆ ತಡೆಹಿಡಿಯಬಲ್ಲದು ಅದು. ಅದರ 122 ಅಮೈನೋ ಆಮ್ಲಗಳ ಸರಣಿ 1983ರಲ್ಲಿ ಹೊರಬಂತು. ಕಾಳು ತಿನ್ನುವ ಹುಳುವಿನ ಹೊಟ್ಟೆಯನ್ನೇ ಗುರಿಯಿಟ್ಟ ರಕ್ಷಣೆ ಅದೆಂದು ತಿಳಿಯಲಾಗಿದೆ.

2017ರಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಶೈಲಜಾ ಹಿತ್ತಲಮನಿ ಮತ್ತು ಸಂಗಡಿಗರು ಎಂಎಲ್-365 ತಳಿಯ ಜೀನೋಮನ್ನು ಓದಿದರು. 2023ರಲ್ಲಿ ಅಂತರರಾಷ್ಟ್ರೀಯ ತಂಡವೊಂದು ಇನ್ನೂ ನಿಖರವಾದ ಜೀನೋಮ್ ಕೊಟ್ಟಿತು. ಹೂವಿನ ಶಲಾಕಾಗ್ರದ ಊದಾ ಬಣ್ಣಕ್ಕೆ ಕಾರಣವಾಗಿರಬಹುದಾದ ಜೀನನ್ನೂ ಗುರುತಿಸಿತು. ಅಯ್ಯಂಗಾರ್ ಕೇಳಿದ ಪ್ರಶ್ನೆ ಒಂಬತ್ತು ದಶಕಗಳ ಬಳಿಕ ಡಿಎನ್‌ಎಯ ಅಕ್ಷರಗಳವರೆಗೆ ಇಳಿದಿದೆ. ರಾಗಿಯ ಎರಡನೆಯ ಮೂಲವಾದ ಹುಲ್ಲು ಯಾವುದೆಂಬುದು ಮಾತ್ರ ಇನ್ನೂ ತೀರ್ಮಾನವಾಗಿಲ್ಲ.

ತಾಳವಾಡಿ ಸೀಮೆಯಲ್ಲಿ ತಳಿ ಸಂಗ್ರಹಕ್ಕೆ ಹೋಗುವವರಿಗೆ ಈ ಚರಿತ್ರೆಯಿಂದ ಒಂದು ಕೆಲಸದ ಪಟ್ಟಿಯೇ ಸಿಗುತ್ತದೆ. ಕಾಳಿನ ಪೊಟ್ಟಣದ ಮೇಲೆ ಊರು, ತಾರೀಖು ಬರೆದರೆ ಸಾಲದು. ಕಡ್ಡಿಯ ಬಣ್ಣ, ಇಲುಕು ಬಿಚ್ಚಿದೆಯೋ ಮುಚ್ಚಿದೆಯೋ ಎಂಬುದು, ಕಾಳಿನ ಒಗರು, ಅಕ್ಕಡಿಯಲ್ಲಿ ಏನೇನಿತ್ತು, ಮನೆಯವರು ಅದಕ್ಕಿಟ್ಟ ಹೆಸರು, ಬೀಜ ಬಂದ ಮನೆ, ಇಷ್ಟೂ ಬೇಕು. ಬದುವಿನ ಕಳೆ ಹುಲ್ಲಿನ ತೆನೆಯನ್ನೂ ಒಂದು ಚೀಲದಲ್ಲಿ ಹಾಕಿಕೊಳ್ಳಬೇಕು.