ಬಿಟ್ಟ ಉಸಿರನ್ನು ಮತ್ತೆ ಸೇದುವ ವಿದ್ಯೆ

ಕಡಲಿನಿಂದ ಬಹುದೂರವಿರುವ ಬೆಂಗಳೂರಿನ ಅಮೃತಹಳ್ಳಿಯಂಥ ಬಡಾವಣೆಗಳಿಂದಲೂ ಈಗ ತರುಣರು ಮುರುಡೇಶ್ವರಕ್ಕೆ ಹೋಗಿ, ದೋಣಿ ಹತ್ತಿ, ನೇತ್ರಾಣಿ ದ್ವೀಪದ ಬಳಿ ನೀರಿಗಿಳಿಯುತ್ತಾರೆ. ಅವರ ಬೆನ್ನಿಗಿರುವುದು ಸಾಮಾನ್ಯ ಗಾಳಿಯ ಸಿಲಿಂಡರು. ಬಿಟ್ಟ ಉಸಿರೆಲ್ಲ ಗುಳ್ಳೆಯಾಗಿ ಮೇಲೇರಿ ಹೋಗುತ್ತದೆ. ಇದೊಂದು ದುಂದುವೆಚ್ಚವೇ ಸರಿ. ಸೇದುವ ಗಾಳಿಯಲ್ಲಿ ನೂರಕ್ಕೆ 21 ಪಾಲು ಆಮ್ಲಜನಕವಿದ್ದರೆ, ಬಿಡುವ ಗಾಳಿಯಲ್ಲಿ ಇನ್ನೂ ಸುಮಾರು 16 ಪಾಲು ಉಳಿದಿರುತ್ತದೆ. 30 ಮೀಟರ್ ಆಳದಲ್ಲಿ ಒತ್ತಡವೂ ನಾಲ್ಮಡಿ, ಗಾಳಿಯ ಖರ್ಚೂ ನಾಲ್ಮಡಿ. ಈ ಖರ್ಚನ್ನು ಉಳಿಸಲು ಹುಟ್ಟಿದ ಯಂತ್ರವೇ ರೀಬ್ರೀದರ್.

ಇಂಗ್ಲೆಂಡಿನ ಹೆನ್ರಿ ಫ್ಲೂಸ್ 1878ರ ಸುಮಾರಿಗೆ ಇದಕ್ಕೊಂದು ರೂಪ ಕೊಟ್ಟನು. ಉಸಿರಿನ ಇಂಗಾಲಾಮ್ಲವನ್ನು ಕ್ಷಾರದಲ್ಲಿ ನೆನೆಸಿದ ನಾರು ಹೀರುತ್ತಿತ್ತು. ಕಡಮೆಯಾದ ಆಮ್ಲಜನಕವನ್ನು ಸಿಲಿಂಡರು ತುಂಬುತ್ತಿತ್ತು. ಸೆವರ್ನ್ ನದಿಯಡಿಯ ರೈಲು ಸುರಂಗಕ್ಕೆ ನೀರು ನುಗ್ಗಿದಾಗ, 1880ರಲ್ಲಿ ಅಲೆಕ್ಸಾಂಡರ್ ಲ್ಯಾಂಬರ್ಟ್ ಎಂಬ ಮುಳುಗಾಳು ಇದನ್ನು ಧರಿಸಿ, ಕತ್ತಲೆಯಲ್ಲಿ ಬಹುದೂರ ನಡೆದು, ಒಳಗಿನ ಕಬ್ಬಿಣದ ಬಾಗಿಲನ್ನು ಮುಚ್ಚಿಬಂದನು. ಇಂದಿನ ಯಂತ್ರಗಳಲ್ಲಿ ನಾರಿನ ಬದಲು ಸೋಡಾ ಸುಣ್ಣವಿದೆ. ಅದರ ಮುಖ್ಯಾಂಶ ನಮ್ಮ ಎಲೆಯಡಿಕೆಯ ಸುಣ್ಣವೇ.

ಒಂದಿಷ್ಟೂ ಹೊರಬಿಡದ ಈ ಪೂರ್ಣ ಮುಚ್ಚಿದ ಪದ್ಧತಿಗೆ ಪ್ರಕೃತಿಯೇ ಒಂದು ಗೆರೆ ಎಳೆದಿತ್ತು. ಒತ್ತಡದಲ್ಲಿ ಆಮ್ಲಜನಕವೇ ವಿಷವಾಗುತ್ತದೆಂದು ಫ್ರಾನ್ಸಿನ ಪಾಲ್ ಬರ್ಟ್ 1878ರಲ್ಲೇ ತೋರಿಸಿದ್ದನು. ಮುಂದೆ ನಮ್ಮ ದೇಶಕ್ಕೆ ಬಂದು ನೆಲೆಸಿದ ಜೆ. ಬಿ. ಎಸ್. ಹಾಲ್ಡೇನ್ ಅವರು ಈ ವಿಷದ ಪರೀಕ್ಷೆಯನ್ನು ಸ್ವಂತ ದೇಹದ ಮೇಲೆಯೇ ನಡೆಸಿ, ಸೆಳವಿಗೆ ಸಿಕ್ಕಿ ಬೆನ್ನೆಲುಬಿಗೆ ಪೆಟ್ಟು ಮಾಡಿಕೊಂಡರು. ಶುದ್ಧ ಆಮ್ಲಜನಕದೊಡನೆ 6 ಮೀಟರಿಗಿಂತ ಆಳಕ್ಕಿಳಿಯುವುದು ಅಪಾಯ.

ಹೆಚ್ಚು ಆಳಕ್ಕೆ ಇಳಿಯಬೇಕಾದವರಿಗೆ ಅರೆಮುಚ್ಚಿದ ಪದ್ಧತಿ ದಾರಿ ತೋರಿತು. ಸಾರಜನಕ ಬೆರೆಸಿದ ಆಮ್ಲಜನಕವನ್ನು ಒಂದೇ ಸಮನೆ ಹರಿಯಬಿಟ್ಟು, ಮಿಕ್ಕದ್ದನ್ನು ಗುಳ್ಳೆಯಾಗಿ ಹೊರಹಾಕುವುದು ಅದರ ಉಪಾಯ. ಎರಡನೆಯ ಮಹಾಯುದ್ಧದಲ್ಲಿ ಬ್ರಿಟಿಷ್ ನೌಕಾದಳದವರು ಸ್ಫೋಟಕ ಗಣಿಗಳನ್ನು ತೆಗೆಯಲು ಇಂಥ ಮಿಶ್ರಣವನ್ನು ಬಳಸಿದರು. 1968ರಲ್ಲಿ ವಾಲ್ಟರ್ ಸ್ಟಾರ್ಕ್ ‘ಎಲೆಕ್ಟ್ರೋಲಂಗ್’ ತಂದ ಮೇಲೆ ಮುಚ್ಚಿದ ಪದ್ಧತಿಗೆ ಮರುಹುಟ್ಟು ಬಂತು. ಆಮ್ಲಜನಕವನ್ನು ವಿದ್ಯುತ್ ಮಾಪಕಗಳು ಅಳೆದು, ಬೇಕಾದಷ್ಟನ್ನೇ ಸೇರಿಸತೊಡಗಿದವು.

ಹಾಗಾದರೆ ಯಾವುದು ಮೇಲು? ಅರೆಮುಚ್ಚಿದ್ದು ಸರಳ, ಸಾಮಾನ್ಯವಾಗಿ ಅಗ್ಗ, ಅದಕ್ಕೆ ವಿದ್ಯುತ್ತಿನ ಹಂಗು ಅಷ್ಟಿಲ್ಲ. ಆದರೆ ಆಳದ ಮಿತಿಯನ್ನು ಮಿಶ್ರಣವೇ ಗೊತ್ತುಮಾಡುತ್ತದೆ. ಮುಳುಗಾಳು ವಿಪರೀತ ದುಡಿದರೆ ಚೀಲದಲ್ಲಿ ಆಮ್ಲಜನಕ ಸೊರಗುತ್ತದೆ. ಪೂರ್ಣ ಮುಚ್ಚಿದ್ದು ಮಿತವ್ಯಯಿ. ಆಳವೆಷ್ಟಿದ್ದರೂ ಅದರ ಆಮ್ಲಜನಕದ ಖರ್ಚು ದೇಹಕ್ಕೆ ಬೇಕಾದಷ್ಟೇ. ಗುಳ್ಳೆಯ ಸದ್ದಿಲ್ಲದ್ದರಿಂದ ಮೀನು ಬೆದರದು. ಆದರೆ ಮಾಪಕ ಕೆಟ್ಟರೆ ಪ್ರಾಣಕ್ಕೇ ಸಂಚಕಾರ. ನಿತ್ಯದ ತಪಾಸಣೆ, ದೀರ್ಘ ತರಬೇತಿ, ಜೊತೆಗೆ ಬೇರೊಂದು ಸಿಲಿಂಡರು ಅತ್ಯವಶ್ಯ.

ಇಲ್ಲೊಂದು ಮಾತನ್ನು ಮರೆಯಬಾರದು. ಸಾಮಾನ್ಯ ಸಿಲಿಂಡರು ಬರಿದಾಗುವಾಗ ಉಸಿರು ಬಿಗಿದು ಎಚ್ಚರಿಸುತ್ತದೆ. ಈ ಎರಡು ಯಂತ್ರಗಳಲ್ಲಿಯೂ ಉಸಿರಾಟ ಸುಸೂತ್ರವಾಗಿ ನಡೆದಿರುವಾಗಲೇ ಪ್ರಾಣವಾಯು ಮುಗಿದಿರಬಹುದು. ಮನುಷ್ಯ ಸದ್ದಿಲ್ಲದೆ ಮೂರ್ಛೆ ಹೋಗುತ್ತಾನೆ. ಗಳಿಗೆಗೊಮ್ಮೆ ಮಾಪಕ ನೋಡುವ ಶಿಸ್ತು ಯಾರಿಗಿದೆಯೋ ಅವರಿಗೆ ಮುಚ್ಚಿದ ಯಂತ್ರ ತಕ್ಕದ್ದು. ವರ್ಷಕ್ಕೊಮ್ಮೆ ನೇತ್ರಾಣಿಗೆ ಹೋಗಿಬರುವವರಿಗೆ ಗುಳ್ಳೆ ಬಿಡುವ ಹಳೆಯ ಸಿಲಿಂಡರೇ ಸಾಕು. ಆ ದುಂದುವೆಚ್ಚ ದುಬಾರಿಯೇನಲ್ಲ.