ಮನೆ ಕಸ ಕಡಿಮೆ ಮಾಡೋದು ಹೇಗೆ? ಮೊದಲು ಹಸಿ ಕಸ ಬೇರೆ ಮಾಡಿ

ಉಳಿದ ಅನ್ನ, ತರಕಾರಿ ಸಿಪ್ಪೆ, ಹಾಲಿನ ಪ್ಯಾಕೆಟ್ ಎಲ್ಲವನ್ನೂ ಒಂದೇ ಕ್ಯಾರಿಬ್ಯಾಗಿಗೆ ತುಂಬಿ, ಗಂಟು ಕಟ್ಟಿ ಎಸೆಯೋದು ಮಾಮೂಲಿ. ಬೀದಿ ದನಕ್ಕೆ ಆ ಗಂಟು ಬಿಚ್ಚೋಕೆ ಬರಲ್ಲ. ಅನ್ನದ ವಾಸನೆಗೆ ಚೀಲ ಸಮೇತ ನುಂಗುತ್ತದೆ, ಪ್ಲಾಸ್ಟಿಕ್ ಹೊಟ್ಟೆಯಲ್ಲೇ ಉಳಿಯುತ್ತದೆ. ದಾಂಡೇಲಿ, ಜೋಯಿಡಾ ಕಡೆ ಊರು ದಾಟಿದರೆ ಕಾಳಿ ಹುಲಿ ಸಂರಕ್ಷಿತ ಪ್ರದೇಶ. ಅಲ್ಲಿ ಇದೇ ಗಂಟಿಗೆ ಮಂಗ, ಕಾಡುಹಂದಿಗಳು ಬಾಯಿ ಹಾಕುತ್ತವೆ.

ಮನೆ ಕಸದಲ್ಲಿ ತೂಕಕ್ಕೆ ಹೆಚ್ಚು ಬರೋದು ಅಡುಗೆ ಮನೆಯ ಹಸಿ ಕಸ. ಅದೊಂದನ್ನು ಮನೆಯಲ್ಲೇ ಗೊಬ್ಬರ ಮಾಡಿಕೊಂಡರೆ ಉಳಿದದ್ದು ನಾರುವುದಿಲ್ಲ, ಕಸದ ಗಾಡಿ ಒಂದು ದಿನ ತಪ್ಪಿದರೂ ತೊಂದರೆಯಿಲ್ಲ.

ಹಳೆಯ ಪೇಂಟ್ ಬಕೆಟ್ ಒಂದು ಸಾಕು. ತಳಕ್ಕೆ, ಸುತ್ತಲೂ ತೂತು ಮಾಡಿ, ಕೆಳಗೆ ಎರಡು ಇಂಚು ಒಣ ಎಲೆ ಹಾಸಬೇಕು. ದಿನದ ಸಿಪ್ಪೆಯನ್ನು ಸಣ್ಣಗೆ ಹೆಚ್ಚಿ ಹಾಕಿ, ಅದು ಕಾಣದಷ್ಟು ಒಣ ಎಲೆ ಮುಚ್ಚಬೇಕು. ಆಗಾಗ ಸೆಗಣಿ ನೀರು ಅಥವಾ ಹುಳಿ ಮಜ್ಜಿಗೆ ಚಿಮುಕಿಸಿ, ವಾರಕ್ಕೊಮ್ಮೆ ಕೈಯಾಡಿಸಿದರೆ ಎರಡು-ಮೂರು ತಿಂಗಳಲ್ಲಿ ಗೊಬ್ಬರ ರೆಡಿ. ವಾಸನೆ ಬಂತೆಂದರೆ ನೀರಿನಂಶ ಜಾಸ್ತಿಯಾಗಿದೆ ಅಂತ ಅರ್ಥ. ಒಣ ಎಲೆ ಇಲ್ಲವೇ ಮರದ ಹೊಟ್ಟು ಸೇರಿಸಬೇಕು. ಪ್ಲೈವುಡ್ ಕೊಯ್ದ ಹೊಟ್ಟು ಬೇಡ, ಅದರಲ್ಲಿ ಅಂಟು ಇರುತ್ತದೆ.

ಈ ಭಾಗದಲ್ಲಿ ಕೆಲಸ ಕೆಡೋದು ಮಳೆಗಾಲದಲ್ಲಿ. ಜೂನ್ ನಂತರ ಒಣ ಎಲೆ ಎಲ್ಲಿಂದ ತರೋದು? ಬೇಸಿಗೆಯಲ್ಲಿ ಉದುರಿದ ಎಲೆಗೆ ಬೆಂಕಿ ಹಚ್ಚುವ ಬದಲು ಎರಡು ಗೋಣಿಚೀಲ ತುಂಬಿ ಅಟ್ಟಕ್ಕೆ ಹಾಕಿಟ್ಟರೆ ಮಳೆಗಾಲಕ್ಕೆ ಆಯ್ತು. ಮೀನಿನ ಮುಳ್ಳು, ಮಾಂಸದ ಎಲುಬು ಬಕೆಟ್ಟಿಗೆ ಹಾಕಬಾರದು, ನಾಯಿ ಕೆದಕದಷ್ಟು ಆಳಕ್ಕೆ ಹೂಳಬೇಕು.

ಹಳಿಯಾಳ, ಮುಂಡಗೋಡದ ಹಳ್ಳಿಗಳಲ್ಲಿ ದನ ಕಟ್ಟಿದವರಿಗೆ ಇದನ್ನೆಲ್ಲ ಹೇಳಿಕೊಡಬೇಕಿಲ್ಲ, ತಿಪ್ಪೆ ಇದ್ದೇ ಇದೆ. ಆದರೆ ಕಸ ಗುಡಿಸಿ ಹಾಗೇ ತಿಪ್ಪೆಗೆ ಸುರಿದರೆ ಶಾಂಪೂ ಸ್ಯಾಶೆ, ಗುಟ್ಕಾ ಚೀಟಿ ಗೊಬ್ಬರದ ಜೊತೆ ಗದ್ದೆ ಸೇರುತ್ತವೆ. ಆಮೇಲೆ ಅದನ್ನು ಆರಿಸಲು ಆಗೋದಿಲ್ಲ.

ಇನ್ನೊಂದು ಕೆಟ್ಟ ರೂಢಿ, ಬಚ್ಚಲ ಒಲೆ ಹೊತ್ತಿಸಲು ಪ್ಲಾಸ್ಟಿಕ್ ಹಾಕೋದು. ಬೇಗ ಹೊತ್ತಿಕೊಳ್ಳುತ್ತದೆ, ನಿಜ. ಆ ವಿಷದ ಹೊಗೆ ಮೊದಲು ಹೋಗೋದು ಒಲೆ ಊದುವವರ ಎದೆಗೆ. ತೆಂಗಿನ ಗರಿ, ಅಡಿಕೆ ಸಿಪ್ಪೆ ಇರುವಾಗ ಅದು ಯಾಕೆ ಬೇಕು? ಹಾಲಿನ ಪ್ಯಾಕೆಟ್ ತೊಳೆದು ಒಣಗಿಸಿಟ್ಟರೆ ಒಣ ಕಸದ ಗಾಡಿಗೆ ಕೊಡಬಹುದು. ಕತ್ತರಿಸುವಾಗ ಮೂಲೆಯ ತುಂಡು ಪೂರ್ತಿ ಬೇರೆಯಾಗದಂತೆ ನೋಡಿಕೊಳ್ಳಿ, ಆ ಚೂರು ಯಾರ ಕೈಗೂ ಸಿಗೋದಿಲ್ಲ.

ಸಂತೆಗೆ ಕೈಚೀಲ, ಮೀನಿಗೆ ಮುಚ್ಚಳದ ಡಬ್ಬಿ ಒಯ್ದರೆ ಅರ್ಧ ಪ್ಲಾಸ್ಟಿಕ್ ಮನೆಗೇ ಬರೋದಿಲ್ಲ. ರಾಜ್ಯದಲ್ಲಿ 2016ರಿಂದಲೇ ಪ್ಲಾಸ್ಟಿಕ್ ಕ್ಯಾರಿಬ್ಯಾಗ್ ನಿಷೇಧವಿದೆ.

ಬಳಸಿದ ಪ್ಯಾಡ್, ಡೈಪರ್‌ಗಳನ್ನು ಪೇಪರಿನಲ್ಲಿ ಸುತ್ತಿ, ಗುರುತು ಹಾಕಿ ಬೇರೆಯಾಗಿ ಕೊಡಬೇಕು. ಒಡೆದ ಬಲ್ಬು, ಬ್ಲೇಡು, ಸೆಲ್ಲು, ಹಳೆ ಮಾತ್ರೆಗಳಿಗೂ ಬೇರೆ ಡಬ್ಬಿ ಇರಲಿ. ಕಸ ಆರಿಸುವ ಪೌರಕಾರ್ಮಿಕರ ಕೈಗೆ ಚುಚ್ಚೋದು ಇವೇ.