ಶಕ್ತಿಯ ಜಮಾಖರ್ಚು

ಇಸ್ತ್ರಿಪೆಟ್ಟಿಗೆಯ ಗುಂಡಿ ಒತ್ತಿದರೆ ಗಳಿಗೆಯಲ್ಲಿ ಕಾಯುತ್ತದೆ. ಕೆಂಡವಿಲ್ಲ, ಹೊಗೆಯಿಲ್ಲ. ಈ ಕಾವು ಬಂದದ್ದೆಲ್ಲಿಂದ? ಇದಕ್ಕೆ ಲೆಕ್ಕಸಮೇತ ಉತ್ತರ ಕೊಟ್ಟವನು ವಿಶ್ವವಿದ್ಯಾನಿಲಯದ ಪಂಡಿತನಲ್ಲ. ಇಂಗ್ಲೆಂಡಿನ ಸಾಲ್‌ಫರ್ಡ್ ಊರಿನಲ್ಲಿ ಬಿಯರ್ ತಯಾರಿಸುವ ಮನೆತನದಲ್ಲಿ 1818ರಲ್ಲಿ ಹುಟ್ಟಿದ ಜೇಮ್ಸ್ ಜೂಲ್.

ಮೊದಲು ಅವನಿಗಿದ್ದುದು ವ್ಯಾಪಾರಿಯ ಆಸೆಯೇ. ಉಗಿಯಂತ್ರಕ್ಕೆ ಬದಲಾಗಿ ವಿದ್ಯುತ್ ಮೋಟಾರು ಹೂಡಿದರೆ ಖರ್ಚು ಉಳಿದೀತೆಂದು ಹವಣಿಸಿದ. ಆಗ ಅವನ ವಿದ್ಯುತ್ತು ಬ್ಯಾಟರಿಯದು. ಬ್ಯಾಟರಿ ತಿನ್ನುತ್ತಿದ್ದುದು ಸತುವನ್ನು. 1841ರಲ್ಲಿ ಲೆಕ್ಕ ಹಾಕಿದರೆ, ಒಂದು ಪೌಂಡ್ ಸತುವು ಮಾಡಿದ ಕೆಲಸ ಒಳ್ಳೆಯ ಉಗಿಯಂತ್ರದಲ್ಲಿ ಒಂದು ಪೌಂಡ್ ಕಲ್ಲಿದ್ದಲು ಮಾಡುವುದರ ಐದರಲ್ಲೊಂದು ಪಾಲು! ಆಸೆ ಮಣ್ಣುಗೂಡಿತು. ಲೆಕ್ಕದ ಚಟ ಮಾತ್ರ ಬಿಡಲಿಲ್ಲ. ತಂತಿಯಲ್ಲಿ ವಿದ್ಯುತ್ತಿನ ಹರಿವು ಎರಡರಷ್ಟಾದರೆ ಶಾಖ ನಾಲ್ಕರಷ್ಟಾಗುವುದನ್ನು ಅಷ್ಟರಲ್ಲೇ ಕಂಡುಕೊಂಡಿದ್ದ.

ಶಾಖವೆಂಬುದೊಂದು ಸೂಕ್ಷ್ಮ ದ್ರವವೆಂದು ಆಗ ಬಹುಮಂದಿ ನಂಬಿದ್ದರು. ಅಲ್ಲ, ಕೆಲಸವೇ ಶಾಖವಾಗುತ್ತದೆ ಎಂದ ಜೂಲ್. ನಮ್ಮ ಮಜ್ಜಿಗೆಯ ಕಡೆಗೋಲಿನಂಥ ರೆಕ್ಕೆಗಳನ್ನು ನೀರಿನ ಪಾತ್ರೆಯಲ್ಲಿ ನಿಲ್ಲಿಸಿ, ಇಳಿಯುವ ತೂಕದ ಗುಂಡುಗಳಿಂದ ತಿರುಗಿಸಿ, ನೀರು ಎಷ್ಟು ಬಿಸಿಯಾಯಿತೆಂದು ವರ್ಷಗಟ್ಟಲೆ ಅಳೆದ. ಸಭೆಗಳಲ್ಲಿ ಕೇಳುವವರಿರಲಿಲ್ಲ. 1847ರಲ್ಲಿ ಆಕ್ಸ್‌ಫರ್ಡಿನಲ್ಲಿ ವಿಲಿಯಂ ಥಾಮ್ಸನ್ ಎಂಬ ತರುಣ ಕಿವಿಗೊಟ್ಟ. ಮುಂದೆ ಲಾರ್ಡ್ ಕೆಲ್ವಿನ್ ಆದವನು ಈತನೇ. ಅದೇ ವರ್ಷ ಹೊಸ ಮದುವಣಿಗನಾಗಿ ಆಲ್ಪ್ಸ್ ಪರ್ವತಕ್ಕೆ ಹೋದ ಜೂಲನ ಕೈಯಲ್ಲಿ ಜಲಪಾತದ ಬಿಸಿ ಅಳೆಯಲು ಉಷ್ಣಮಾಪಕವಿತ್ತೆಂದು ಥಾಮ್ಸನ್ ನೆನೆದಿದ್ದಾನೆ. ಪಾಪ, ನೀರು ತುಂತುರಾಗಿ ಚೆದರಿ ಅಳತೆಗೆ ಸಿಗಲಿಲ್ಲ.

ನಮ್ಮ ಶಿವನಸಮುದ್ರಕ್ಕೆ ಆ ಲೆಕ್ಕವನ್ನು ಹಚ್ಚೋಣ. ಅಲ್ಲಿ ವಿದ್ಯುದಾಗಾರಕ್ಕೆ ನೀರು ಇಳಿಯುವುದು ಸುಮಾರು 400 ಅಡಿ. ಸುಮ್ಮನೆ ಬಿದ್ದರೆ ಆ ನೀರು ಫ್ಯಾರನ್‌ಹೀಟ್ ಅರ್ಧ ಡಿಗ್ರಿಯಷ್ಟು ಬಿಸಿಯಾದೀತು, ಅಷ್ಟೆ. ಅದನ್ನೇ ಕೊಳವೆಯಲ್ಲಿಳಿಸಿ ಚಕ್ರ ತಿರುಗಿಸಿದರೆ, ಒಂದು ಯೂನಿಟ್ ವಿದ್ಯುತ್ತಿಗೆ ಕಡಮೆಯೆಂದರೂ ಮೂರು ಸಾವಿರ ಲೀಟರ್, ಅಂದರೆ ಇನ್ನೂರು ಕೊಡ ನೀರು ಇಳಿಯಬೇಕು. 750 ವಾಟಿನ ಇಸ್ತ್ರಿಪೆಟ್ಟಿಗೆಯ ತಂತಿ ಎಡೆಬಿಡದೆ ಕಾದರೆ ಅಷ್ಟನ್ನೂ ಒಂದು ಗಂಟೆ ಇಪ್ಪತ್ತು ನಿಮಿಷದಲ್ಲಿ ಮುಗಿಸುತ್ತದೆ.

1902ರಲ್ಲಿ ಅಲ್ಲಿಂದ ಸುಮಾರು 92 ಮೈಲಿ ದೂರದ ಕೋಲಾರ ಚಿನ್ನದ ಗಣಿಗೆ ವಿದ್ಯುತ್ತು ಸಾಗಿತು. ದಾರಿಯ ತಂತಿಯೆಲ್ಲ ಇಸ್ತ್ರಿಪೆಟ್ಟಿಗೆಯಂತೆ ಕಾದು ಶಕ್ತಿ ಸೋರಿದರೆ ಗತಿಯೇನು? ಒತ್ತಡವನ್ನು ಏರಿಸಿ ಹರಿವನ್ನು ತಗ್ಗಿಸಿದರು. ಹರಿವು ಅರ್ಧವಾದರೆ ನಷ್ಟ ಕಾಲುಭಾಗ. ಅದು ಜೂಲನ ಸೂತ್ರವೇ. 1905ರಲ್ಲಿ ಬೆಂಗಳೂರಿನ ಬೀದಿಗಳಿಗೂ ಆ ಬೆಳಕು ಬಂತು.

ಇಸ್ತ್ರಿಪೆಟ್ಟಿಗೆಗೆ ಕಾವೇ ಬೇಕು. ಬೇರೆ ಉಪಕರಣಗಳಿಗೆ ಅದು ಕೇಳದೆ ಬರುವ ನೆಂಟ. ಹಳೆಯ ತಂತಿಬುರುಡೆ ದೀಪದಲ್ಲಿ ನೂರರಲ್ಲಿ ಹತ್ತು ಪಾಲೂ ಬೆಳಕಾಗುತ್ತಿರಲಿಲ್ಲ. ವಾಲ್ವಿನ ರೇಡಿಯೋ ಇದ್ದ ಮನೆಯವರಿಗೆ ನೆನಪಿರಬಹುದು, ಅದರ ಹಿಂಬದಿಗೆ ಕೈಯಿಟ್ಟರೆ ಬೆಚ್ಚಗಿರುತ್ತಿತ್ತು. ಹಾಡಾಗಿ ಹೊರಬರುತ್ತಿದ್ದುದು ಆ ಶಕ್ತಿಯಲ್ಲಿ ಚೂರುಪಾರು. ಉಳಿದದ್ದೆಲ್ಲ ಜೂಲನ ಬಾಬ್ತು.